ಕಾಂಪೌಂಡಿಲ್ಲದ ಸೈಟು

ಈ ದೇಶದಲ್ಲಿ ಸೈಟಿಗೆ ಸೆಕ್ಷನ್ ಅನ್ನುತ್ತಾರೆ. ನಮ್ಮ ಕಡೆ ಸೆಕ್ಷನ್ ಎಂದರೆ ಪೊಲೀಸರು ಹಾಕುವಂಥದ್ದು. ಹಾಗಾಗಿ ನ್ಯೂಜಿಲೆಂಡಿಗೆ ಬಂದು ಹದಿನಾಲ್ಕು ವರ್ಷವಾದರೂ ನಾವು ಮೈಸೂರಿನವರು ಸೈಟು ಎಂದೇ ಹೇಳುತ್ತೇವೆ. ಆಕ್ಲೆಂಡಿಗೆ ಹೋದಾಗ ಬಾಟನಿ ಡೌನ್ಸ್‌ನ ಮಾಲಿನಲ್ಲಿ ಕನ್ನಡದವರು ಎದುರಾದರೆ ಮೊದಲ ಪ್ರಶ್ನೆ "ಚೆನ್ನಾಗಿದೀರಾ", ಎರಡನೆಯದು "ಸೈಟ್ ಏನಾದ್ರೂ ಮಾಡಿದ್ರಾ". ಮೊದಲನೆಯದಕ್ಕೆ ಉತ್ತರ ಕೇಳಿಸಿಕೊಳ್ಳುವ ವ್ಯವಧಾನ ಯಾರಿಗೂ ಇರುವುದಿಲ್ಲ. ಎರಡನೆಯದಕ್ಕೆ ಇಲ್ಲ ಅಂದರೆ, ಮಗಳಿಗೆ ಇನ್ನೂ ಗಂಡು ಸಿಕ್ಕಿಲ್ಲ ಎಂದು ಕೇಳಿದಾಗ ಮಾಡುವ ಮುಖವನ್ನೇ ಮಾಡುತ್ತಾರೆ. ಆ ಮುಖ ನೋಡಿ ನೋಡಿ ಸಾಕಾಗಿಯೇ ನಾನು ಸೈಟು ಹುಡುಕಲು ಹೊರಟೆ. ಬೇರೆ ಘನವಾದ ಕಾರಣ ಏನೂ ಇರಲಿಲ್ಲ.

ನನ್ನ ಹೆಂಡತಿಗೆ ಮಾತ್ರ ಒಂದು ಕಾರಣವಿತ್ತು. ನಾವು ಹ್ಯಾಮಿಲ್ಟನ್‌ನಲ್ಲಿ ಸಾಲಾಗಿ ಕಟ್ಟಿದ ಮನೆಗಳ ನಡುವಿನದೊಂದರಲ್ಲಿ ಬಾಡಿಗೆಗಿದ್ದೆವು. ಅಕ್ಕಪಕ್ಕದಲ್ಲಿ ಯಾರಿದ್ದಾರೆಂದು ಕೇಳಿದರೆ ಎಡಗಡೆ ಬಿಳಿ ಕಾರು, ಬಲಗಡೆ ಕೆಂಪು ಕಾರು ಎನ್ನಬಹುದಿತ್ತು, ಅಷ್ಟೇ. ರಿಮೋಟು ಒತ್ತಿದರೆ ಗ್ಯಾರೇಜಿನ ಬಾಗಿಲು ಏಳುತ್ತಿತ್ತು, ಕಾರು ಒಳಗೆ ಹೋಗುತ್ತಿತ್ತು, ಬಾಗಿಲು ಇಳಿಯುತ್ತಿತ್ತು. ಒಮ್ಮೆ ಊರಿಗೆ ಹೋಗಿ ಎರಡು ತಿಂಗಳು ಬಿಟ್ಟು ಬಂದಾಗ ಮನೆಯಲ್ಲಿ ಹೆಪ್ಪಿಗೆ ಮೊಸರಿರಲಿಲ್ಲ. ಅವಳು ಬಟ್ಟಲು ಹಿಡಿದು ಬಾಗಿಲ ತನಕ ಹೋಗಿ, ಸ್ವಲ್ಪ ಹೊತ್ತು ನಿಂತು, ವಾಪಸು ಬಂದಳು.

"ಹೆಪ್ಪಿಗೆ ಒಂದು ಚಮಚ ಮೊಸರು ಕೇಳೋಕೂ ಒಂದು ಮನೆ ಇಲ್ವಲ್ಲ ರೀ. ನೀವು ಸೈಟ್ ಎಲ್ಲಾದ್ರೂ ತಗೊಳ್ಳಿ. ನನಗೆ ಸಮುದ್ರ ಬೇಡ, ಬೆಟ್ಟ ಬೇಡ. ಪಕ್ಕದಲ್ಲಿ ಬಾಗಿಲು ತೆಗೆಯೋ ಮನುಷ್ಯರಿರಬೇಕು, ಅಷ್ಟೆ" ಎಂದಳು.

ನಾನು ಆಗಲಿ ಎಂದೆ. ಗಂಡಂದಿರು ಕಿವಿಗೆ ಹಾಕಿಕೊಳ್ಳದೆ ಆಗಲಿ ಅನ್ನುತ್ತಾರಲ್ಲ, ಹಾಗೆ.

ನನ್ನ ಕಿವಿಯ ತುಂಬ ಆಗ ಅಪ್ಪನ ಮಾತೇ ಇತ್ತು. ಅಪ್ಪ ಮೈಸೂರಿನ ಹೊರಗೆ ಸೊಸೈಟಿಯಿಂದ ಮೂವತ್ತು-ನಲವತ್ತರ ಒಂದು ಸೈಟು ತೆಗೆದುಕೊಂಡಿದ್ದರು. ಪ್ರತಿ ಭಾನುವಾರ ಸ್ಕೂಟರಿನಲ್ಲಿ ಹೋಗಿ ಅದನ್ನು ಸುತ್ತಿ, ನಾಲ್ಕು ಪಾರ್ಥೇನಿಯಂ ಗಿಡ ಕಿತ್ತು ಬರುತ್ತಿದ್ದರು. ದೇವಸ್ಥಾನಕ್ಕೂ ಅಷ್ಟು ನಿಷ್ಠೆಯಿಂದ ಹೋದವರಲ್ಲ. ಒಂದು ವರ್ಷ ಚಿಕುನ್‌ಗುನ್ಯ ಬಂದು ಎರಡು ತಿಂಗಳು ಮಲಗಿದರು. ಎದ್ದು ಹೋಗಿ ನೋಡಿದರೆ ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಕಲ್ಲು, ಕಲ್ಲಿಗೆ ಅರಿಶಿನ ಕುಂಕುಮ. ಶೆಡ್ಡನ್ನು ಕೀಳಿಸಬಹುದು, ದೇವರನ್ನು ಕೀಳಿಸುವವರು ಯಾರು? ಅಪ್ಪ ಕೋರ್ಟಿಗೆ ಹೋದರು. ಸಾಯುವ ವಾರವೂ ಅವರ ದಿಂಬಿನ ಪಕ್ಕ ಆ ಕೇಸಿನ ಫೈಲಿತ್ತು. ಸೈಟಂತೂ ನನ್ನ ಪಾಲಿಗೆ ಬರಲಿಲ್ಲ, ಬಂದದ್ದು ಒಂದು ಮಾತು. "ಖಾಲಿ ಸೈಟಿಗೆ ಮೊದ್ಲು ಕಾಂಪೌಂಡ್ ಹಾಕ್ಸು. ಆಮೇಲೆ ಬೇರೆ ಮಾತು."

ನಾವು ಸೈಟು ಕೊಂಡ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮವರು ಇನ್ನೂ ನಾಲ್ಕು ಜನ ಅಲ್ಲಿಗೆ ಬಂದು ಸೈಟು ಮಾಡುತ್ತಾರೆ. ಹ್ಯಾಮಿಲ್ಟನ್‌ನಿಂದ ಮೂರು ಗಂಟೆಯ ದಾರಿ, ಸಮುದ್ರದ ದಂಡೆಯ ಸಣ್ಣ ಬಂದರು. ಬಂದರು ಎಂದಾಗ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಅಲ್ಲಿದ್ದದ್ದು ಪೈನ್ ಮರದ ದಿಮ್ಮಿಗಳು. ಗುಡ್ಡದ ಹಾಗೆ ಪೇರಿಸಿದ ದಿಮ್ಮಿಗಳು, ದಿಮ್ಮಿ ಹೊತ್ತು ಬರುವ ಲಾರಿಗಳು, ಊರಿಗೆಲ್ಲ ಹಸಿ ತೊಗಟೆಯ ವಾಸನೆ. ಸೈಟು ತೋರಿಸಲು ಬಂದ ಏಜೆಂಟಮ್ಮ ಹುಲ್ಲಿನಲ್ಲಿ ಹೂತುಹೋಗುವ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡಿದ್ದಳು. ಜಾಹೀರಾತಿನಲ್ಲಿ "ಸಮುದ್ರದ ನೋಟ" ಎಂದು ಬರೆದಿದ್ದೀರಲ್ಲ, ಎಲ್ಲಿದೆ ಎಂದು ಕೇಳಿದೆ. ಅವಳು ರಸ್ತೆಯಲ್ಲಿ ನಿಂತಿದ್ದ ತನ್ನ ಯೂಟ್ ಗಾಡಿಯ, ಅಂದರೆ ಪಿಕಪ್ಪಿನ, ತೆರೆದ ಹಿಂಭಾಗ ತೋರಿಸಿ, ಅದರ ಮೇಲೆ ಹತ್ತಿ ನೋಡಿ ಎಂದಳು. ಹತ್ತಿದೆ. ಎರಡು ಗೋದಾಮುಗಳ ನಡುವೆ, ಒಂದು ಪಂಚೆ ಒಣಹಾಕಿದಷ್ಟು ಅಗಲದ ಸಮುದ್ರ ಕಂಡಿತು. ಮಹಡಿ ಮನೆ ಕಟ್ಟಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದಳು. ಮಹಡಿ ಎಂಬ ಹುಳು ತಲೆಯೊಳಗೆ ಹೊಕ್ಕದ್ದು ಆಗಲೇ.

ನಾನು ಲಾರಿ ಕ್ಲೀನರನ ಹಾಗೆ ಗಾಡಿಯ ಮೇಲೆ ನಿಂತು ಸಮುದ್ರ ನೋಡುತ್ತಿದ್ದಾಗ ಕೆಳಗೆ ನನ್ನ ಹೆಂಡತಿ "ಅಮ್ಮಾ" ಎಂದು ಕೂಗಿ ಕೂತುಬಿಟ್ಟಳು. ಸೈಟಿನ ತುಂಬ ಮೊಣಕಾಲುದ್ದ ಹುಲ್ಲು. ರಸ್ತೆಯ ಪಕ್ಕದ ಮೂಲೆಯಲ್ಲಿ ಹುಲ್ಲಿನಡಿ ಒಂದು ಗುಂಡಿಯಿತ್ತು, ಅದರಲ್ಲಿ ಕಾಲು ಹೋಗಿ ಉಳುಕಿತ್ತು. ನಾನು ಇಳಿದು ಬರುವಷ್ಟರಲ್ಲಿ ದಕ್ಷಿಣದ ಪಕ್ಕದ ಮನೆಯಿಂದ ಚಡ್ಡಿ ಮತ್ತು ರಬ್ಬರ್ ಬೂಟು ಹಾಕಿದ ಎಪ್ಪತ್ತರ ಒಬ್ಬ ಮುದುಕರು ಕುರ್ಚಿ ಹೊತ್ತು ಬಂದರು. ಅವಳನ್ನು ಕೂರಿಸಿದರು, ಟವೆಲಿನಲ್ಲಿ ಐಸು ಕಟ್ಟಿ ತಂದು ಕೊಟ್ಟರು. ಬಂದರಿನಲ್ಲಿ ದಿಮ್ಮಿ ಎತ್ತುವ ಯಂತ್ರ ಓಡಿಸಿ ನಿವೃತ್ತರಾದವರು, ಒಬ್ಬರೇ ಇದ್ದಾರೆ. ಹೊರಡುವಾಗ ತಮ್ಮ ಮರದ ನಿಂಬೆಹಣ್ಣು ಒಂದು ಚೀಲ ಕೊಟ್ಟರು.

ಕಾರಿನಲ್ಲಿ ಕಾಲು ನೀವಿಕೊಳ್ಳುತ್ತಾ ನನ್ನ ಹೆಂಡತಿ ಹೇಳಿದಳು, "ಇದೇ ಸೈಟ್ ಇರ್ಲಿ ರೀ. ಅಂಕಲ್ ಎಷ್ಟು ಒಳ್ಳೆಯವರು ನೋಡಿ. ಆ ನಿಂಬೆಹಣ್ಣಲ್ಲಿ ಉಪ್ಪಿನಕಾಯಿ ಹಾಕಿ ಅವರಿಗೇ ಒಂದು ಬಾಟಲ್ ಕೊಡ್ತೀನಿ."

ಹದಿನೈದು ನಿಮಿಷದ ಪರಿಚಯಕ್ಕೆ ಅಂಕಲ್ ಆಗಿಬಿಟ್ಟರು. ನಾನು ಮಾತ್ರ ಅವರ ಮನೆಗೂ ನಮ್ಮ ಸೈಟಿಗೂ ನಡುವೆ ಬೇಲಿ ಇಲ್ಲದಿರುವುದನ್ನು ಗಮನಿಸಿದ್ದೆ. ಇದ್ದದ್ದು ಎರಡು ತುದಿಗೆ ಎರಡು ಗೂಟ, ಅಷ್ಟೇ.

ಸೈಟು ನಮ್ಮದಾಯಿತು. ಮಾಲಿನಲ್ಲಿ ಎದುರಾದವರಿಗೆಲ್ಲ "ಹೂಂ, ಒಂದು ಮಾಡಿದ್ವಿ, ಸೀ ವ್ಯೂ" ಎಂದು ಹೇಳಿ ಒಂದು ತಿಂಗಳು ಸುಖವಾಗಿದ್ದೆ. ಆಮೇಲೆ ನನ್ನೊಳಗಿನ ಅಪ್ಪ ಎಚ್ಚರಗೊಂಡರು. ಸೈಟು ನೋಡಿ ಎಷ್ಟು ದಿನವಾಯಿತು, ಏನಾಗಿದೆಯೋ ಏನೋ ಅನ್ನಿಸತೊಡಗಿತು. ಒಂದು ಬೋರ್ಡಾದರೂ ನೆಡೋಣವೆಂದರೆ, ಬಡಾವಣೆಯ ಕರಾರಿನ ಪ್ರಕಾರ ಬೋರ್ಡು ನೆಡುವಂತಿಲ್ಲ, ಮುಂದುಗಡೆ ಕಾಂಪೌಂಡು ಹಾಕುವಂತಿಲ್ಲ. ಈ ಸ್ವತ್ತು ಇಂಥವರಿಗೆ ಸೇರಿದ್ದು ಎಂದು ಬರೆಯಲಾಗದ ಮೇಲೆ ಅದು ಎಂಥ ಸ್ವತ್ತು? ಒಂದು ಶನಿವಾರ, ಕಾರು ಕಲಿಯುತ್ತಿದ್ದ ಮಗಳಿಗೆ ದೂರದ ದಾರಿ ಅಭ್ಯಾಸವಾಗಲಿ ಎಂಬ ನೆಪ ಹೇಳಿ ಅವಳನ್ನು ಕರೆದುಕೊಂಡು ಹೋದೆ.

ಹೋಗಿ ನೋಡಿದರೆ, ಇಡೀ ಸೈಟಿನ ಹುಲ್ಲನ್ನು ಯಾರೋ ನೀಟಾಗಿ ಕತ್ತರಿಸಿದ್ದರು. ಪಕ್ಕದ ಮನೆಯ ಅಂಗಳ ಎಲ್ಲಿ ಮುಗಿಯಿತು, ನಮ್ಮದು ಎಲ್ಲಿ ಶುರುವಾಯಿತು ಎಂದು ಹೇಳಲಾಗದಂತೆ ಒಂದೇ ಹಸಿರು ಹಾಸು. ಅಷ್ಟೇ ಅಲ್ಲ, ಕತ್ತರಿಸಿದ ಹುಲ್ಲನ್ನೆಲ್ಲ ತಂದು ರಸ್ತೆಯ ಪಕ್ಕದ ಮೂಲೆಗೆ ಸುರಿದಿದ್ದರು. ಫೋನಿನಲ್ಲಿ ದಿಕ್ಸೂಚಿ ತೆರೆದು ನೋಡಿದೆ. ಈಶಾನ್ಯ. ದೇವಮೂಲೆ! ಅಪ್ಪನ ಸೈಟಿನಲ್ಲಿ ಮೂಲೆಗೆ ದೇವರನ್ನಾದರೂ ಇಟ್ಟಿದ್ದರು. ಪಕ್ಕದ ಮನೆಯ ಈ ಮನುಷ್ಯ ದೇವಮೂಲೆಗೆ ಕಸ ಹಾಕಿದ್ದಾನೆ.

ಮಗಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಮಾತ್ರ ಇಂಗ್ಲಿಷು. "ಅಪ್ಪಾ, ಹಿ ಈಸ್ ಜಸ್ಟ್ ಬೀಯಿಂಗ್ ನೈಸ್" ಎಂದಳು.

"ಎಲ್ಲಾ ಶುರುವಾಗೋದೇ ನೈಸಾಗಿ ಕಣಮ್ಮ" ಎಂದೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ. ನನಗಂತೂ ಹಾವು ಕಚ್ಚಿರಲಿಲ್ಲ, ಅಪ್ಪನಿಗೆ ಕಚ್ಚಿದ ಹಾವಿನ ಕತೆ ಕೇಳಿಯೇ ನಾನು ಬೆಳೆದದ್ದು. ಇವತ್ತು ಹುಲ್ಲು ಕತ್ತರಿಸುತ್ತಾನೆ, ನಾಳೆ ದೋಣಿ ತಂದು ನಿಲ್ಲಿಸುತ್ತಾನೆ, ನಾಡಿದ್ದು ಇಷ್ಟು ವರ್ಷದಿಂದ ಈ ಜಾಗ ನನ್ನ ಅನುಭವದಲ್ಲಿದೆ ಅನ್ನುತ್ತಾನೆ. ಅಂದು ಅವರ ಮನೆಯ ಬಾಗಿಲು ತೆರೆದೇ ಇತ್ತು, ಇಪ್ಪತ್ತು ಹೆಜ್ಜೆ ದೂರ. ಹೋಗಿ ಒಂದು ಮಾತು ಕೇಳಲಿಲ್ಲ. ಎಂಟು ಕೋನಗಳಿಂದ ಫೋಟೋ ತೆಗೆದುಕೊಂಡು ವಾಪಸು ಬಂದೆ.

ಸೈಟಿನ ಕಾಗದಪತ್ರ ಮಾಡಿಕೊಟ್ಟಿದ್ದ ಲಾಯರಮ್ಮ ಈ ದೇಶದವಳು. ಫೋಟೋ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಅವರ ಹತ್ತಿರ ಮಾತಾಡಿದ್ದೀರಾ?" ಪಾಪ, ಏನೂ ತಿಳಿಯದ ಹೆಂಗಸು ಅಂದುಕೊಂಡೆ. ಆಮೇಲೆ ಆಕ್ಲೆಂಡಿನ ನಮ್ಮ ಕನ್ನಡದ ಲಾಯರನ್ನು ಹಿಡಿದೆ. ಅವನು ದಿನವಿಡೀ ವೀಸಾ ಅರ್ಜಿ ತುಂಬುವವನು, ಆದರೆ ಬೆಂಗಳೂರಿನವನು. ಫೋಟೋ ನೋಡಿದ ಕೂಡಲೇ "ಓ, ಇದು ಕ್ಲಿಯರ್ ಕೇಸ್ ಸಾರ್" ಎಂದ. ಒಂದು ಪುಟದ ನೋಟಿಸು ತಯಾರಾಯಿತು. ಅತಿಕ್ರಮ ಪ್ರವೇಶವನ್ನು ತಕ್ಷಣ ನಿಲ್ಲಿಸತಕ್ಕದ್ದು, ಸುರಿದ ಕಸವನ್ನು ಎರಡು ವಾರದೊಳಗೆ ತೆಗೆಯತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ. ಓದಿ ನನಗೆ ಎಷ್ಟು ಆನಂದವಾಯಿತೆಂದರೆ, ಅಪ್ಪ ಇದ್ದಿದ್ದರೆ ಫ್ರೇಮು ಹಾಕಿಸುತ್ತಿದ್ದರು. ನೋಟಿಸು ಹೋಯಿತು. ಮನೆಯಲ್ಲಿ ಹೇಳಲಿಲ್ಲ. ಆ ಹೊತ್ತಿಗೆ ನನ್ನ ಹೆಂಡತಿ, ಅಂಕಲ್ಲಿನ ನಿಂಬೆಹಣ್ಣುಗಳನ್ನು ಹೆಚ್ಚಿ ಉಪ್ಪು ಹಾಕಿಟ್ಟಿದ್ದ ಜಾಡಿಯನ್ನು ದಿನಾ ಬಿಸಿಲಿಗೆ ಇಡುತ್ತಿದ್ದಳು.

ಇನ್ನು ಮನೆಯ ನಕ್ಷೆ. ನಮ್ಮ ಸೋದರಮಾವ ಮೈಸೂರಿನಲ್ಲಿ ಕೂತು ವಿಡಿಯೋ ಕರೆಯಲ್ಲಿ ನಾಲ್ಕು ಖಂಡಗಳಿಗೆ ವಾಸ್ತು ಹೇಳುತ್ತಾರೆ.

"ನೈರುತ್ಯ ಎತ್ತರ ಇರ್ಬೇಕು ಕಣೋ. ಮಹಡಿ ಅಲ್ಲೇ ಬರ್ಲಿ. ಈಶಾನ್ಯ ತಗ್ಗು, ನೈರುತ್ಯ ಎತ್ತರ. ಇದು ಎಲ್ಲಾ ದೇಶಕ್ಕೂ ಒಂದೇ" ಎಂದರು.

"ಮಾವ, ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗ್ತಾನೆ."

ಮಾವ ಒಂದು ಕ್ಷಣ ಯೋಚಿಸಿ, "ಅದು ಅವನಿಗೆ ಬಿಟ್ಟಿದ್ದು. ನೀನು ಶಾಸ್ತ್ರ ಬಿಡ್ಬೇಡ" ಎಂದರು.

ನಕ್ಷೆ ಬರೆಯುವವನು ನಮ್ಮ ಅಪ್ಪಣೆಯಂತೆ ಬರೆದ. ನೈರುತ್ಯಕ್ಕೆ, ಅಂದರೆ ದಕ್ಷಿಣದ ಗಡಿಗೆ ಒತ್ತಿಕೊಂಡು ಮಹಡಿ; ಮಹಡಿಯ ಕಿಟಕಿಯಲ್ಲಿ ಪಂಚೆಯಗಲದ ಸಮುದ್ರ. ಬರೆದು ಮುಗಿಸಿ ತಲೆ ಕೆರೆದುಕೊಂಡ. ನಿಮ್ಮೂರಲ್ಲಿ ಹೀಗೆ ಕಟ್ಟಿದರೆ ನಿಮ್ಮ ಮನೆಯ ನೆರಳು ನಿಮ್ಮ ಮೇಲೇ ಬೀಳುತ್ತದೇನೋ. ಇಲ್ಲಿ ಪೂರ್ತಿ ದಕ್ಷಿಣದವರ ಮೇಲೆ ಬೀಳುತ್ತದೆ, ಅವರ ಬಿಸಿಲು ತಡೆಯುವಷ್ಟು ಎತ್ತರ ಕಟ್ಟಬೇಕಾದರೆ ಅವರೇ ಒಪ್ಪಿ ಸಹಿ ಹಾಕಬೇಕು, ಸಹಿ ಇಲ್ಲದೆ ಕೌನ್ಸಿಲಿಗೆ ಹೋದರೆ ಈ ಮಹಡಿ ಆಗುವ ಆಸೆ ಬೇಡ ಎಂದ. ದಕ್ಷಿಣದವರು ಎಂದರೆ ಯಾರು? ಅಂಕಲ್.

ನನಗೆ ನೋಟಿಸು ನೆನಪಾಯಿತು. ಹೆಂಡತಿ ಮಾತ್ರ ಹಿಗ್ಗಿದಳು. "ಅಷ್ಟೇ ತಾನೇ? ಅಂಕಲ್‌ನ ನಾನು ಕೇಳ್ತೀನಿ. ಉಪ್ಪಿನಕಾಯಿನೂ ಹದವಾಗಿದೆ" ಎಂದಳು. ಆಗಲಾದರೂ ಹೇಳಬೇಕಿತ್ತು. ಮೂರು ಗಂಟೆಯ ದಾರಿಯುದ್ದಕ್ಕೂ ಹೇಳಲು ಅವಕಾಶವಿತ್ತು. ನೋಟಿಸು ಅಂಚೆಯಲ್ಲಿ ಕಳೆದುಹೋಗಿರಬಹುದು, ಮುದುಕರಿಗೆ ಕನ್ನಡಕ ಸಿಕ್ಕಿರಲಿಕ್ಕಿಲ್ಲ ಎಂದೆಲ್ಲ ಹಾರೈಸುತ್ತಾ ಗಾಡಿ ಓಡಿಸಿದೆ. ನಾನು ಹೇಡಿ ಎಂದು ಬರೆಯಲು ಈಗ ನಾಚಿಕೆಯಿಲ್ಲ. ಆವತ್ತು ಅದಕ್ಕೆ ಸಮಾಧಾನ ಸ್ವಭಾವ ಎಂದು ಹೆಸರಿಟ್ಟುಕೊಂಡಿದ್ದೆ.

ಸೈಟಿನ ಮುಂದೆ ಇಳಿದ ಕೂಡಲೇ ಹೆಂಡತಿ ಆ ಮೂಲೆಗೆ ಬಗ್ಗಿ ನೋಡಿ, "ಅಯ್ಯೋ, ಗುಂಡಿ ಹಾಗೇ ಇದೆ" ಎಂದು ಸುತ್ತು ಹಾಕಿ ನಡೆದಳು. ಹುಲ್ಲಿನ ರಾಶಿ ಇರಲಿಲ್ಲ.

ಅಂಕಲ್ ಬಾಗಿಲು ತೆಗೆದು, ಅಡುಗೆಮನೆಯಲ್ಲಿ ಕೂರಿಸಿದರು. ಉತ್ತರಕ್ಕೆ ಒಂದು ದೊಡ್ಡ ಕಿಟಕಿ, ಕಿಟಕಿಯ ಕೆಳಗೆ ಮೇಜು, ಒಂದು ಕುರ್ಚಿ; ನಮಗೆಂದು ಇನ್ನೆರಡನ್ನು ಒಳಗಿನಿಂದ ತಂದು ಹಾಕಿದರು. ಚಳಿಗಾಲದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು, ಅದರಲ್ಲಿ ಅವರ ಕನ್ನಡಕ, ಅರ್ಧ ತುಂಬಿದ ಪದಬಂಧ. ಅವರು ಮೊದಲು ಕೇಳಿದ್ದು ನನ್ನ ಹೆಂಡತಿಯ ಕಾಲಿನ ವಿಚಾರ.

"ಹುಷಾರಾಗಿದೆ. ಆದರೆ ಆ ಗುಂಡಿ ಇನ್ನೂ ಇದೆ, ನೋಡಿಕೊಂಡೇ ಬಂದೆ" ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿ ನಕ್ಕಳು.

"ನೀನು ಬಿದ್ದ ಮೇಲೆ ತುಂಬಿಸಿದ್ದೆ" ಎಂದರು ಅಂಕಲ್. "ಹುಲ್ಲು ಕತ್ತರಿಸಿ ಅದನ್ನೇ ಅಲ್ಲಿಗೆ ಹಾಕಿದ್ದೆ, ಕೊಳೆತು ಮಣ್ಣಾಗಲಿ ಅಂತ. ಆಮೇಲೆ ಕಾಗದ ಬಂತು. ಮತ್ತೆ ತೆಗೆದೆ. ನಾಲ್ಕು ದಿನ ಹಿಡಿಯಿತು, ಬೆನ್ನು ಮೊದಲಿನ ಹಾಗಿಲ್ಲ."

"ಯಾವ ಕಾಗದ?"

ಅಂಕಲ್ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ. ಸಿಟ್ಟಾಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಎದ್ದು, ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಲ್ಲಿ ಅಂಟಿಸಿದ್ದ ನೋಟಿಸನ್ನು ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟರು. ಕರೆಂಟಿನ ಬಿಲ್ಲಿನ ಪಕ್ಕದಲ್ಲಿತ್ತು ಅದು. ಅವಳು ಪೂರ್ತಿ ಓದಿದಳು. ಓದಿ, ಮಡಚಿ, ಮಡಿಲಲ್ಲಿದ್ದ ಉಪ್ಪಿನಕಾಯಿ ಬಾಟಲನ್ನು ಮೇಜಿನ ಮೇಲಿಟ್ಟು, ಕ್ಷಮಿಸಿ ಎಂದಳು. ಅವರು "ನೋ ವರೀಸ್" ಎಂದರು. ಈ ದೇಶದಲ್ಲಿ ಕಾಲು ತುಳಿದರೂ ನೋ ವರೀಸ್, ಮನೆ ಮುರಿದರೂ ನೋ ವರೀಸ್. ಅದರಿಂದ ಏನೂ ತಿಳಿಯುವುದಿಲ್ಲ.

ಮಾನವಿದ್ದವನು ಅಲ್ಲಿಗೆ ಎದ್ದು ಬರಬೇಕಿತ್ತು. ಆದರೆ ಅಷ್ಟು ದೂರ ಬಂದಾಗಿದೆಯಲ್ಲ. ನಾನು ನಕ್ಷೆ ಬಿಚ್ಚಿದೆ. ಹೆಂಡತಿ ಮೇಜಿನ ಕೆಳಗೆ ಕಾಲು ತುಳಿದಳು, ಉಳುಕಿ ವಾಸಿಯಾದ ಕಾಲಿನಿಂದಲೇ. ನಾನು ನಿಲ್ಲಿಸಲಿಲ್ಲ. ಅಂಕಲ್ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿದರು. ನೆರಳು ಎಲ್ಲಿಯ ತನಕ ಬೀಳುತ್ತದೆಂದು ಬೂದು ಬಣ್ಣದಲ್ಲಿ ತೋರಿಸಿತ್ತು. ಬೂದು ಬಣ್ಣ ಅವರ ಕಿಟಕಿ ದಾಟಿ, ನಾವು ಕೂತಿದ್ದ ಮೇಜನ್ನೂ ದಾಟಿತ್ತು. ಅವರ ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಯಾ... ನಾ" ಎಂದರು.

ಹದಿನಾಲ್ಕು ವರ್ಷ ಈ ದೇಶದ ಉಪ್ಪು ತಿಂದಿದ್ದೇನೆ, ಹೌದೆನ್ನುವ ಯಾ ಬಂದು ಇಲ್ಲವೆನ್ನುವ ನಾ ಬಂದರೆ ಅದು ನಾ ಎಂದು ನನಗೆ ಗೊತ್ತು. ಆದರೂ ಆಸೆ ಮೊದಲ ಅಕ್ಷರವನ್ನೇ ಕೇಳಿಸಿಕೊಂಡಿತು. ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಹಿಡಿದೆ.

"ಇಲ್ಲ ಅಂದ್ರು ಕಣ್ರೀ" ಎಂದಳು ನನ್ನ ಹೆಂಡತಿ. "ಎದ್ದೇಳಿ."

ವಾಪಸು ಬರುವಾಗ ಅವಳು ಒಂದೇ ಮಾತು ಹೇಳಿದಳು. "ನಿಮ್ಮಪ್ಪನ ಸೈಟು ಹೊಡ್ಕೊಂಡವರು ಬೇರೆ ಯಾರೋ. ಅದನ್ನ ಇವರ ಹತ್ರ ವಸೂಲಿ ಮಾಡೋಕೆ ಹೋದ್ರಲ್ಲ."

ಮಹಡಿ ಬಿಟ್ಟು ಒಂದೇ ಅಂತಸ್ತಿನ ನಕ್ಷೆ ಬರೆಸಿದೆವು. ಮಾವನಿಗೆ ಹೆದರುತ್ತಲೇ ಹೇಳಿದೆ, ನೈರುತ್ಯ ಎತ್ತರ ಆಗುವುದಿಲ್ಲ ಎಂದು. ಮಾವ ಬಾಯೊಳಗಿನ ಅಡಿಕೆ ಜಗಿಯುತ್ತಲೇ, "ಹೌದಾ? ಹಂಗಿದ್ರೆ ನೈರುತ್ಯಕ್ಕೆ ಒಂದು ಭಾರವಾದ ಬೀರು ಇಟ್ಬಿಡು. ಸರಿ ಹೋಗುತ್ತೆ" ಎಂದರು.

"ಬೀರು ಇಟ್ರೆ ಸಾಕು ಅಂತ ಮೊದ್ಲೇ ಹೇಳ್ಬಾರದಿತ್ತಾ ಮಾವ?"

"ನೀನು ಮಹಡಿ ಕಟ್ಟೋಕೆ ಕುಣೀತಿದ್ದೆ. ಬೀರು ಕೇಳಿದ್ಯಾ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ವಸಂತ ಬಂದು, ಮನೆ ಕಟ್ಟುವವರು ಗುರುತು ಹಾಕಲು ಬರುತ್ತೇವೆ, ಜಾಗ ಚೊಕ್ಕಟ ಮಾಡಿಕೊಡಿ ಎಂದು ಹೇಳಿ ಕಳಿಸಿದರು. ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಕಾರಿನಲ್ಲಿ ತುರುಕಿಕೊಂಡು ಒಂದು ಬೆಳಿಗ್ಗೆ ಇಬ್ಬರೂ ಹೋದೆವು.

ನಮ್ಮ ಸೈಟಿನಲ್ಲಿ ಹುಲ್ಲು ಸೊಂಟದ ತನಕ ಬೆಳೆದಿತ್ತು. ಅಂಕಲ್ಲಿನ ಅಂಗಳ ಎಂದಿನಂತೆ ನೀಟಾಗಿತ್ತು. ಎರಡರ ನಡುವೆ, ಆ ಗೂಟದಿಂದ ಈ ಗೂಟದವರೆಗೆ, ದಾರ ಹಿಡಿದು ಕತ್ತರಿಸಿದ ನೇರ ಗೆರೆ. ಒಂದು ಬೆರಳು ಈಚೆ ಬಂದಿರಲಿಲ್ಲ. ನೋಟಿಸಿನಲ್ಲಿ ಹೇಳಿದ್ದನ್ನು ಇಷ್ಟು ಅಚ್ಚುಕಟ್ಟಾಗಿ ಪಾಲಿಸಿದವರನ್ನು ಅಪ್ಪ ಯಾವ ಕೋರ್ಟಿನಲ್ಲೂ ಕಂಡಿರಲಾರರು.

ನನ್ನ ಹೆಂಡತಿ ಗೆರೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. "ತಗೊಳ್ಳಿ, ನಿಮ್ಮಪ್ಪನ ಕಾಂಪೌಂಡು" ಎಂದು ಹೇಳಿ ಕಾರಿನಲ್ಲಿ ಹೋಗಿ ಕೂತಳು. ಅಳುತ್ತಿದ್ದಳು. ಅವಳು ಅಳುವುದನ್ನು ನಾನು ನೋಡಬಾರದೆಂದು ಮುಖವನ್ನು ಬಂದರಿನ ಕಡೆ ತಿರುಗಿಸಿಕೊಂಡಿದ್ದಳು.

ನಾನು ಯಂತ್ರ ಶುರು ಮಾಡಿದೆ. ಮಧ್ಯಾಹ್ನದ ತನಕ ಬೇಕಾಯಿತು. ಅಂಕಲ್ ಒಮ್ಮೆ ಕಿಟಕಿಯಲ್ಲಿ ಕಂಡರು, ಕೈ ಎತ್ತಿದರು, ನಾನೂ ಎತ್ತಿದೆ. ಅವರು ಹೊರಗೆ ಬರಲಿಲ್ಲ. ಕೊನೆಯ ಸಾಲು ಗೆರೆಯ ಪಕ್ಕದ್ದು. ಅದನ್ನು ಮುಗಿಸಿದಾಗ, ಗೆರೆ ದಾಟಿ ಅವರ ಕಡೆಯದೂ ಒಂದು ಸಾಲು ಹೊಡೆದುಬಿಡೋಣ, ಗೆರೆ ಅಳಿಸಿ ಹೋಗಲಿ ಅನ್ನಿಸಿತು. ಯಂತ್ರ ತಿರುಗಿಸಿ ಮುಂದಿನ ಚಕ್ರ ಗೆರೆಯ ಮೇಲೆ ತಂದೆ. ಅವರು ಏನಾದರೂ ಅಂದುಕೊಂಡರೆ, ಲಾಯರಿಗೆ ಹೇಳಿದರೆ ಎಂದು ತಕ್ಷಣ ಭಯವಾಯಿತು. ಯಂತ್ರ ಆರಿಸಿ ಹಿಂದಕ್ಕೆ ಎಳೆದುಕೊಂಡೆ.